ಉಳುಕು

ಹೆಂಡತಿ ಅವನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಮಣಿಕಟ್ಟಿಗೆ ಎಣ್ಣೆ ತಿಕ್ಕುತ್ತಿದ್ದಳು. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಇದು ನಡೆದೇ ಇತ್ತು. ಎಣ್ಣೆಯನ್ನು ಬೆಚ್ಚಗೆ ಮಾಡಿ, ಹೆಬ್ಬೆರಳಿನಿಂದ ಮೂಳೆಯ ಸುತ್ತ ಒತ್ತಿ, ಕೊನೆಗೆ ಮಾಸಲು ಬಣ್ಣದ ಪಟ್ಟಿಯನ್ನು ಬೆರಳುಗಳ ಸಂದಿಯಿಂದ ಹಾಯಿಸಿ ಬಿಗಿಯಾಗಿ ಸುತ್ತುವಳು. ಎಲ್ಲಿ ಒತ್ತಿದರೆ 'ಸ್' ಎನ್ನಬೇಕೆಂಬುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಹೆಬ್ಬೆರಳಿನ ಬುಡದಿಂದ ಎರಡು ಅಂಗುಲ ಕೆಳಗೆ. ಮೊದಮೊದಲು ಆ ಜಾಗವನ್ನು ನೆನಪಿಟ್ಟುಕೊಳ್ಳಬೇಕಾಗಿತ್ತು. ಒಂದು ಸಲ ಲೆಕ್ಕ ತಪ್ಪಿ ಒಳಮಗ್ಗುಲಲ್ಲಿ ಒತ್ತಿದಾಗ ಮುಖ ಕಿವುಚಿದ್ದ. "ನಿನ್ನೆ ಇಲ್ಲಿ ನೋವಿರಲಿಲ್ಲವಲ್ಲ" ಎಂದು ಅವಳು ಗಾಬರಿಯಾದಾಗ "ಅದು ಓಡಾಡುತ್ತೆ" ಎಂದುಬಿಟ್ಟಿದ್ದ. ಅವಳು ನಂಬಿದ್ದಳು. ಅವನು ಹೇಳಿದ್ದನ್ನೆಲ್ಲ ನಂಬುವ ಆ ಬಾಗಿದ ತಲೆಯನ್ನು, ಬೈತಲೆಯಲ್ಲಿ ಇಣುಕಿದ ನಾಲ್ಕು ಬಿಳಿಕೂದಲನ್ನು ನೋಡುತ್ತ ಅವನು ಈಗ ಸರಿಯಾದ ಜಾಗದಲ್ಲಿ 'ಸ್' ಎಂದ. ವಿಚಿತ್ರವೆಂದರೆ ಈಚೆಗೆ ಅಲ್ಲಿ ನಿಜವಾಗಿಯೂ ನೋಯುತ್ತಿತ್ತು. ಸುಳ್ಳನ್ನೇ ದಿನಾ ತಿಕ್ಕಿ ತಿಕ್ಕಿ ಅದಕ್ಕೂ ಜೀವ ಬಂದಿತ್ತೇನೋ.

"ಇವತ್ತು ಸಭೇಲಿ ಸಾಕ್ಷಿ ಹೇಳೋವಾಗ ಈ ಕೈ ಮೇಲೆತ್ತಿ ತೋರಿಸ್ರಿ," ಎಂದಳು ಪಟ್ಟಿಯ ತುದಿಗೆ ಪಿನ್ನು ಚುಚ್ಚುತ್ತ. "ಹಿಂದೆ ಕೂತೋರಿಗೂ ಕಾಣ್ಬೇಕು."

"ಹೂಂ."

"ಪಾಸ್ಟರು ಐದೇ ನಿಮಿಷ ಅಂದಿದಾರೆ. ಉದ್ದ ಎಳೀಬೇಡಿ. ಆವತ್ತು ಬೆಳಿಗ್ಗೆ ಕೈ ಉಳುಕಿದ್ದು, ಮೇಲೆ ಹತ್ತೋ ಸರದಿ ನಿಮ್ಮದೇ ಆಗಿದ್ದದ್ದು, ದೇವರು ನಿಮ್ಮನ್ನ ತಡೆದದ್ದು. ಅಷ್ಟು ಹೇಳಿದ್ರೆ ಸಾಕು."

"ಮತ್ತೆ ಪೈಲ್ವಾನನ ವಿಷಯ?"

"ಕೊನೇಲಿ ಅವರಿಗೋಸ್ಕರ ಪ್ರಾರ್ಥನೆ ಮಾಡಿ ಅನ್ನಿ."

ಕೊನೇಲಿ. ಅವನು ಅಂಗಿಯ ತೋಳನ್ನು ಪಟ್ಟಿಯ ಮೇಲೆ ಎಳೆದುಕೊಂಡ. ಅವಳು ಎದ್ದು ಬಂದು ಆ ತೋಳನ್ನು ಮತ್ತೆ ಮೇಲಕ್ಕೆ ಮಡಿಸಿದಳು.

ಅವನದು ಲಿಫ್ಟ್ ರಿಪೇರಿ ಕೆಲಸ. ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ಜನರ ಕಣ್ಣಿಗೆ ಬೀಳದ ಒಂದು ಕತ್ತಲ ಓಣಿ ನೆಲದಿಂದ ತಾರಸಿಯವರೆಗೆ ಎದ್ದು ನಿಂತಿರುತ್ತದೆ; ಲಿಫ್ಟು ಏರಿಳಿಯುವ ಆ ಓಣಿಗೆ ಅವನೂ ಅವನ ಜೊತೆಗಾರನೂ ಬಾವಿ ಎನ್ನುತ್ತಿದ್ದರು. ಲಿಫ್ಟಿನ ನೆತ್ತಿಯ ಮೇಲೆ ಹತ್ತಿ ನಿಂತು ಮಹಡಿ ಮಹಡಿಯ ಬಾಗಿಲ ಬೀಗ ಸರಿಮಾಡುವುದು, ಹಳಿಗೆ ಗ್ರೀಸು ಬಳಿಯುವುದು ಒಬ್ಬನ ಪಾಲು. ಹೊರಗೆ ನಿಂತು ಬೇಕಾದ್ದನ್ನು ಕೈಗೆ ಕೊಡುತ್ತ, ಕೂಗಿಗೆ ಓಗೊಡುವುದು ಇನ್ನೊಬ್ಬನ ಪಾಲು. ಒಂದು ದಿನ ಇವನು, ಒಂದು ದಿನ ಅವನು. ಹನ್ನೊಂದು ವರ್ಷ ಹಾಗೇ ನಡೆದಿತ್ತು. ಜೊತೆಗಾರ ಕಡ್ಡಿಯ ಹಾಗಿದ್ದ, ಜೋರಾಗಿ ಸೀನಿದರೆ ಮುರಿದುಬೀಳುವ ಹಾಗೆ. ಅದಕ್ಕೇ ಎಲ್ಲರೂ ಅವನನ್ನು ಪೈಲ್ವಾನ ಎನ್ನುತ್ತಿದ್ದರು. ಇವನು ಹೆಂಡತಿಯ ಜೊತೆ ಕ್ರೈಸ್ತ ಸಭೆಗೆ ಹೋಗತೊಡಗಿ ದೀಕ್ಷಾಸ್ನಾನ ಮಾಡಿಸಿಕೊಂಡ ವರ್ಷ ಪೈಲ್ವಾನ ಇವನಿಗೆ 'ಪಾದ್ರಿ' ಎಂದು ಹೆಸರಿಟ್ಟ. "ಪಾದ್ರೀ, ಮೇಲಿನೋರ ಜೊತೆ ನಿನಗೆ ಒಳ್ಳೇ ಪರಿಚಯ. ನಮ್ಮ ಹಗ್ಗದ ಮೇಲೂ ಒಂದು ಕಣ್ಣಿಟ್ಟಿರಿ ಅಂತ ಶಿಫಾರಸು ಮಾಡಪ್ಪ" ಎಂದು ಬಾವಿಯೊಳಗಿಂದ ಕೂಗುವನು. ದನಿ ಗೋಡೆಗೆ ಬಡಿದು ಬಡಿದು ಮೇಲೇರುವುದು. ಪೈಲ್ವಾನ ಭಾನುವಾರ ಯಾವ ದೇವರ ಮನೆಗೂ ಹೋಗುವವನಲ್ಲ, ಮಧ್ಯಾಹ್ನದವರೆಗೆ ಮಲಗಿರುವವನು.

ಅಪಘಾತಕ್ಕೆ ಒಂದು ವಾರ ಮೊದಲು, ಇನ್ನೊಂದು ಕಟ್ಟಡದ ಹದಿನಾಲ್ಕನೆಯ ಮಹಡಿಯಲ್ಲಿ, ಅವನ ಬೆರಳಿನಿಂದ ಒಂದು ನಟ್ಟು ಜಾರಿ ಬಾವಿಗೆ ಬಿದ್ದಿತ್ತು. ಅಷ್ಟೇ ಆದದ್ದು. ನಟ್ಟು ಬೀಳದ ದಿನವೇ ಇರಲಿಲ್ಲ. ಆದರೆ ಅವತ್ತು ಅವನು ಅದರ ಸದ್ದಿಗಾಗಿ ಕಾದ. ಕಾದ. ಸದ್ದು ಬರಲಿಲ್ಲ. ಇನ್ನು ಬರುವುದೇ ಇಲ್ಲ ಎಂದುಕೊಂಡಾಗ ಬುಡದಿಂದ, ಯಾವುದೋ ಪಕ್ಕದ ಮನೆಯಲ್ಲಿ ಚಮಚ ಬಿದ್ದ ಹಾಗೆ, ಸಣ್ಣದಾಗಿ 'ಟಣ್' ಎಂದಿತು. ಆ ನಡುವಿನ ಹೊತ್ತು ಅವನ ಹೊಟ್ಟೆಯೊಳಗೆ ಸೇರಿಕೊಂಡಿತು. ಆಮೇಲೆ ಊಟಕ್ಕೆ ಕೂತಾಗ, ಹಲ್ಲುಜ್ಜುವಾಗ, ಹೆಂಡತಿ ಏನಾದರೂ ಕೇಳಿ ಉತ್ತರಕ್ಕೆ ಕಾಯುತ್ತಿರುವಾಗ ಒಳಗೆ ಏನೋ ಬೀಳುತ್ತಲೇ ಇರುವುದು, ನೆಲ ಮುಟ್ಟುವುದಿಲ್ಲ. ಯಾರಿಗೆ ಹೇಳುವುದು? ಮನೆಯಲ್ಲಿ, ಸಭೆಯಲ್ಲಿ ಭಯವೆಂದರೆ ವಿಶ್ವಾಸದಲ್ಲಿ ಬಿದ್ದ ತೂತು. ನಂಬಿದವನನ್ನು ದೇವರು ರೆಕ್ಕೆಯ ಕೆಳಗೆ ಮರಿಯ ಹಾಗೆ ಬಚ್ಚಿಟ್ಟುಕೊಳ್ಳುತ್ತಾನೆ, ಎಡಬಲದಲ್ಲಿ ಸಾವಿರ ಜನ ಬಿದ್ದರೂ ಅವನಿಗೆ ಕೇಡು ತಗಲದು ಎಂದು ಪಾಸ್ಟರು ಹೇಳುವಾಗ ಎಲ್ಲರಿಗಿಂತ ಜೋರಾಗಿ 'ಆಮೆನ್' ಎನ್ನುತ್ತಿದ್ದವನು ಅವನೇ. ಅಂಥವನು ಬೆಳಿಗ್ಗೆ ಎದ್ದು 'ನನಗೆ ಹೆದರಿಕೆ' ಎಂದರೆ? ದೊಡ್ಡ ಗಂಡಸು, ಲಿಫ್ಟ್ ಮೆಕ್ಯಾನಿಕ್ಕು, ಹೆದರಿಕೆಯಂತೆ. ಅದಕ್ಕೇ ಆ ಬೆಳಿಗ್ಗೆ, ತನ್ನ ಸರದಿಯ ದಿನ, ಏಳನೆಯ ಮಹಡಿಯ ತೆರೆದ ಬಾಗಿಲ ಮುಂದೆ ನಿಂತು, ಕೆಳಗಿನ ಕತ್ತಲೆಯಿಂದ ಬರುವ ಗ್ರೀಸಿನ ವಾಸನೆಗೆ ಬಾಯೆಲ್ಲ ಒಣಗಿದಾಗ ಅವನು ಹೇಳಿದ್ದು ಬೇರೆ ಮಾತು. "ಪೈಲ್ವಾನ, ನನ್ನ ಕೈ ಉಳುಕಿದೆ ಕಣೋ. ಇವತ್ತೊಂದು ದಿನ ನೀನೇ ಹತ್ತು."

ಪೈಲ್ವಾನ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ಪಕ್ಕೆಗೆ ಟಾರ್ಚು ಸಿಕ್ಕಿಸಿಕೊಂಡು, ಬಾಗಿಲಿಗಿಂತ ಕೆಳಗೆ ನಿಂತಿದ್ದ ಲಿಫ್ಟಿನ ನೆತ್ತಿಯ ಮೇಲೆ ಇಳಿದ.

ಇಪ್ಪತ್ತು ನಿಮಿಷದ ಮೇಲೆ ಲಿಫ್ಟು ತಾನೇ ತಾನಾಗಿ ಎರಡಡಿ ಮೇಲಕ್ಕೆ ಜಿಗಿಯಿತು. ತಡೆಯುವ ಸ್ವಿಚ್ಚು ಸವೆದುಹೋಗಿತ್ತಂತೆ. ವಿಚಾರಣೆಯಲ್ಲಿ ಹಾಗೆ ಬರೆದರು, ಯಾರ ತಪ್ಪೂ ಇಲ್ಲವೆಂದು ಬರೆದರು. ಪೈಲ್ವಾನನ ಎಡಗಾಲು ಲಿಫ್ಟಿನ ತೊಲೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಪೈಲ್ವಾನನನ್ನು ಆಸ್ಪತ್ರೆಗೆ ಸೇರಿಸಿ ಅವನು ಮನೆಗೆ ಬಂದು ಹೆಂಡತಿಗೆ ವಿಷಯ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಇವತ್ತು ನಿಮ್ಮ ಸರದಿ ಅಲ್ವಾ?" ಕೈ ಉಳುಕಿತ್ತು ಎಂದ. ಎಲ್ಲರಿಗೂ ಹಾಗೇ ಹೇಳಿಯಾಗಿತ್ತು. ಅವಳು ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಕೆನ್ನೆಗೊತ್ತಿಕೊಂಡು, ನೆಲದ ಮೇಲೆ ಮೊಣಕಾಲೂರಿದಳು. ಅವಳ ಕಣ್ಣೀರು ಮಣಿಕಟ್ಟಿನ ಮೇಲೆ ಬಿಸಿಯಾಗಿ ಇಳಿಯುತ್ತಿರುವಾಗ ನಿಜ ಹೇಳುವ ಗಳಿಗೆ ಬಂದಿತ್ತು. ಬಂದು, ಬಾಗಿಲು ತಟ್ಟಿ, ಹೋಗಿಬಿಟ್ಟಿತು. ಮರುದಿನದಿಂದ ಎಣ್ಣೆ. ಆಫೀಸಿನವರು ಪಟ್ಟಿ ನೋಡಿ ಅವನನ್ನು ಉಗ್ರಾಣದಲ್ಲಿ ಕೂರಿಸಿದರು, ಬಿಡಿಭಾಗ ಎತ್ತಿಕೊಡುವ ಕೆಲಸ. ಬಾವಿಯ ಮುಖ ನೋಡಬೇಕಾಗಿರಲಿಲ್ಲ. ಪಟ್ಟಿ ಇರುವವರೆಗೆ ಬಾವಿ ಇಲ್ಲ. ಒಂದು ಉಳುಕು ಇಷ್ಟು ದಿನ ಇರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು.

ಸಭೆ ಸೇರುತ್ತಿದ್ದದ್ದು ಮರದ ಸಾಮಾನು ಮಾರುವ ಅಂಗಡಿಯ ಮೇಲಿನ ದೊಡ್ಡ ಕೋಣೆಯಲ್ಲಿ. ಹಾಡಿನ ನಡುವೆ ಕೆಳಗಿನಿಂದ ವಾರ್ನಿಶ್ ವಾಸನೆ ಬರುತ್ತಿತ್ತು. ಕುರ್ಚಿಗಳ ಸಾಲಿನಲ್ಲಿ ಹೆಂಡತಿ ಅವನನ್ನು ನಡುದಾರಿಯ ಪಕ್ಕಕ್ಕೆ ಕೂರಿಸಿದಳು, ಎದ್ದುಹೋಗಲು ಸುಲಭವಾಗಲೆಂದು. ಮುಂದಿನ ಸಾಲಿನ ಟೈಲರಮ್ಮ ತಿರುಗಿ "ಕೈ ಹೇಗಿದೆಯಪ್ಪಾ?" ಎಂದರು. "ಪರವಾಗಿಲ್ಲಮ್ಮ." "ನಿನ್ನ ಕೈ ನೋಡಿದಾಗೆಲ್ಲ ನನಗೆ ಧೈರ್ಯ ಬರುತ್ತೆ ನೋಡು. ರಾತ್ರಿ ಒಬ್ಬಳೇ ಮಲಗೋದಕ್ಕೆ ಹೆದರ್ತಿದ್ದೆ. ಈಗ ನಿನ್ನ ನೆನಪು ಮಾಡ್ಕೊಂಡು ದೀಪ ಆರಿಸ್ತೀನಿ." ಆ ಮುದುಕಿಯ ಕತ್ತಲ ಕೋಣೆಯಲ್ಲಿ ತನ್ನ ಪಟ್ಟಿಕಟ್ಟಿದ ಕೈ ದೀಪದ ಬದಲು ತೂಗಾಡುತ್ತಿರುವುದು ಅವನಿಗೆ ಕಂಡಿತು.  ನಿಜ ಹೇಳಿದರೆ ಇವರು ಮತ್ತೆ ದೀಪ ಹಚ್ಚಿಕೊಂಡು ಮಲಗಬೇಕಾಗುತ್ತದೆ. ಹೇಳದಿದ್ದರೆ? ಹೇಳದಿದ್ದರೆ ಈ ಕೈ ಸಾಯುವವರೆಗೆ ಉಳುಕಿಯೇ ಇರಬೇಕು. ಒಬ್ಬನನ್ನು ಬಾವಿಗಿಳಿಸಿದ್ದು ಸಾಲದೆಂದು ದೇವರನ್ನೂ ಈ ಸುಳ್ಳಿನ ಸಾಕ್ಷಿಗೆ ಎಳೆದು ನಿಲ್ಲಿಸಿದ್ದೇನೆ. ಆತನೂ ಪಾಪ ಮೂರು ತಿಂಗಳಿಂದ ಏನೂ ಮಾತಾಡದೆ ನನ್ನ ಪಕ್ಕದಲ್ಲಿ ನಿಂತಿದ್ದಾನೆ.

ಪಾಸ್ಟರು ಅವನನ್ನು ಕರೆದರು. ಅವರು ಒಳ್ಳೆಯವರು, ವಾರದ ದಿನಗಳಲ್ಲಿ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವವರು. ಮೈಕನ್ನು ಸೀಮೆಸುಣ್ಣದ ಹಾಗೆ ಎರಡು ಬೆರಳಲ್ಲಿ ಹಿಡಿಯುತ್ತಿದ್ದರು. ಅದನ್ನು ಅವನ ಎಡಗೈಗೆ ಕೊಟ್ಟು, ಬೆನ್ನು ತಟ್ಟಿ, ಪಕ್ಕಕ್ಕೆ ಸರಿದರು. ನೂರಿಪ್ಪತ್ತು ಮುಖ. ಎಲ್ಲ ಮುಖಗಳಲ್ಲೂ ಆಗಲೇ ನಗು ತಯಾರಾಗಿತ್ತು, ಕಥೆ ಗೊತ್ತಿದ್ದವರ ನಗು. ಹೆಂಡತಿ ಕಣ್ಣಿನಲ್ಲೇ 'ಕೈ ಎತ್ತಿ' ಎಂದಳು. ಅವನು ಎತ್ತಿದ. ಆಗ ಅವನ ಒಳಗೆ ಬೀಳುತ್ತಿದ್ದದ್ದು ಇನ್ನೂ ಆಳಕ್ಕೆ ಬಿತ್ತು.

"ನನ್ನ ಕೈಗೆ ಏನೂ ಆಗಿಲ್ಲ," ಎಂದ.

 ಹಿಂದಿನ ಸಾಲಿನಿಂದ ಯಾರೋ "ಸ್ತೋತ್ರ!" ಎಂದರು.

"ಇಲ್ಲ, ನಾನು ಹೇಳ್ತಿರೋದು..." ಮಾತು ಸಿಗದೆ ಅವನು ಪಿನ್ನು ಕಿತ್ತ. ಪಟ್ಟಿಯನ್ನು ಹಲ್ಲಿನಲ್ಲಿ ಹಿಡಿದೆಳೆದ. ಅದು ಸುರುಳಿ ಸುರುಳಿಯಾಗಿ ಬಿಚ್ಚಿ ಕಾಲ ಬಳಿ ಬಿತ್ತು. ಎಣ್ಣೆಯಿಂದ ಹೊಳೆಯುವ ಬಿಳುಚಿಕೊಂಡ ಮಣಿಕಟ್ಟನ್ನು ಎಲ್ಲರ ಮುಂದೆ ತಿರುಗಿಸಿದ, ಮುಷ್ಟಿ ಕಟ್ಟಿದ, ಬಿಚ್ಚಿದ. "ನೋಡಿ. ಏನೂ ಆಗಿಲ್ಲ. ನೋವಿಲ್ಲ. ಇರಲೇ ಇಲ್ಲ."

ಇಡೀ ಸಭೆ ಎದ್ದು ನಿಂತಿತು. ಚಪ್ಪಾಳೆ. "ಹಲ್ಲೆಲೂಯಾ! ವಾಸಿಯಾಯ್ತು! ಈಗಲೇ, ನಮ್ಮ ಕಣ್ಣೆದುರಿಗೇ!" ಟೈಲರಮ್ಮ ಎರಡೂ ಕೈ ಮೇಲೆತ್ತಿ ಅಳುತ್ತಿದ್ದರು. ಯಾರೋ ಹಾಡು ಎತ್ತಿಕೊಂಡರು. ಕೀಬೋರ್ಡಿನವನು ಸ್ವರ ಹುಡುಕಿ ಸೇರಿಕೊಂಡ. ಪಾಸ್ಟರ ಕಣ್ಣೂ ಒದ್ದೆ. ಅವನು ಮೈಕಿನಲ್ಲಿ "ಕೇಳಿ, ಕೇಳಿ" ಎಂದದ್ದು ಹಾಡಿನಲ್ಲಿ ತೇಲಿಹೋಯಿತು. ನಗು ಬಂತು ಅವನಿಗೆ. ಹೊಟ್ಟೆಯಿಂದ ವಾಂತಿಯ ಹಾಗೆ ಬಂದ ನಗು. ನಿಜ ಹೇಳಿದರೂ ಪವಾಡವಾಗುತ್ತದೆಯಲ್ಲ ನನ್ನ ಬಾಯಲ್ಲಿ! ಅಷ್ಟು ಜನರ ನಡುವೆ ಕೂತೇ ಇದ್ದವಳು ಒಬ್ಬಳು. ಹೆಂಡತಿ. ಅವಳು ನೆಲದ ಮೇಲೆ ಬಿದ್ದಿದ್ದ ಪಟ್ಟಿಯನ್ನು ನೋಡುತ್ತಿದ್ದಳು, ಆಮೇಲೆ ಅವನ ಕೈಯನ್ನು. 'ಇರಲೇ ಇಲ್ಲ' ಎಂಬ ಮಾತು ಅವಳೊಬ್ಬಳಿಗೆ ಕೇಳಿಸಿತ್ತು. ಮುಖದಿಂದ ಒಂದೊಂದೇ ದೀಪ ಆರುವುದು ಅಷ್ಟು ದೂರದಿಂದಲೂ ಕಂಡಿತು. ಅವನು ಮೈಕನ್ನು ಪಾಸ್ಟರ ಕೈಗಿಟ್ಟು ನಡುದಾರಿಯಲ್ಲಿ ನಡೆದುಬಿಟ್ಟ. ಜನ ಅವನ ಬಲಗೈ ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಮೆಟ್ಟಿಲಿಳಿದು ಬೀದಿಗೆ ಬಂದಾಗ ಕೈ ಬೇರೆ ಯಾರದೋ ಎಂಬಂತೆ ಮೈಯಿಂದ ದೂರ ಹಿಡಿದಿದ್ದ.

ಎಲ್ಲಿಗೆ ಹೋಗುತ್ತಿದ್ದೇನೆಂದು ಅವನ ಕಾಲಿಗೆ ಗೊತ್ತಿತ್ತು. ಈ ಮೂರು ತಿಂಗಳಲ್ಲಿ ಎರಡೇ ಸಲ ಹೋಗಿದ್ದ ಮನೆ. ಎರಡು ಸಲವೂ ಹತ್ತು ನಿಮಿಷ ಕೂತು, ಹಣ್ಣಿನ ಚೀಲ ಇಟ್ಟು, ಗಡಿಯಾರ ನೋಡಿಕೊಂಡು ಎದ್ದು ಬಂದಿದ್ದ. ಅಂಗಡಿಗಳು ಮುಚ್ಚಿದ್ದವು. ಒಂದು ಅಂಗಡಿಯ ಷಟರಿಗೆ ಯಾರೋ ಬಣ್ಣ ಹಚ್ಚುತ್ತಿದ್ದರು, ಅದನ್ನು ನೋಡಿ ಒಂದು ಗಳಿಗೆ ನಿಂತ; ಹಸಿರು. ಒಬ್ಬನ ಭಾನುವಾರ ಎಷ್ಟು ಸುಲಭವಾಗಿ ಹಸಿರಾಗಿದೆ. ನಡೆಯುತ್ತ ನಡೆಯುತ್ತ ಒಂದು ಕಥೆ ನೆನಪಿಗೆ ಬಂತು. ತನ್ನನ್ನು ವೈರಿಗಳಿಗೆ ಹಿಡಿದುಕೊಡುವವನು ಬರುವ ರಾತ್ರಿ ಯೇಸು ತೋಟದಲ್ಲಿ ನೆಲಕ್ಕೆ ಬಿದ್ದು ಬೆವರಿದ್ದು. ಹಸಿ ಬೆವರು, ರಕ್ತದ ಹನಿಯ ಹಾಗೆ. ಅದನ್ನು ಎಷ್ಟೋ ಸಲ ಕೇಳಿದ್ದ, ಆದರೆ ಯಾವಾಗಲೂ ನಮ್ಮ ಪಾಪದ ಭಾರಕ್ಕೆ ಬೆವರಿದರು ಎಂದು ದೊಡ್ಡ ಮಾತಾಗಿ ಕೇಳಿದ್ದ. ಈಗ ಹೊಳೆದದ್ದು ಸಣ್ಣ ಮಾತು. ಹೆದರಿದ್ದರು. ಹೆದರಿ, ಕೈ ಉಳುಕಿದೆ ಎನ್ನಲಿಲ್ಲ. ಜೊತೆಯಲ್ಲಿದ್ದ ಮೂವರು ಶಿಷ್ಯರನ್ನು ಕರೆದು, ನನ್ನ ಜೀವ ಕುಗ್ಗಿಹೋಗಿದೆ, ಸ್ವಲ್ಪ ಹೊತ್ತು ನನ್ನ ಹತ್ತಿರ ಎಚ್ಚರವಾಗಿರಿ ಎಂದು ಕೇಳಿಕೊಂಡರು. ಆ ಮೂವರೂ ನಿದ್ದೆ ಹೋದರು, ಅದು ಬೇರೆ. ಆದರೆ ಕೇಳಿದರು. ಬಾಯಿಬಿಟ್ಟು ಕೇಳಿದರು. ದೇವರ ಮಗನಿಗೆ ಅಡ್ಡ ಬರದ ಮರ್ಯಾದೆ ನನಗೆ ಅಡ್ಡ ಬಂತು.

ಪೈಲ್ವಾನನ ಮನೆ ನಾಲ್ಕನೆಯ ಮಹಡಿಯಲ್ಲಿ. ಊರೆಲ್ಲ ಲಿಫ್ಟು ಓಡಿಸುವವನ ಕಟ್ಟಡಕ್ಕೆ ಲಿಫ್ಟಿರಲಿಲ್ಲ. ಇಕ್ಕಟ್ಟಾದ, ನಡು ಸವೆದ ಮೆಟ್ಟಿಲು, ಒಂದೇ ಕಡೆ ಕಂಬಿ. ಬಾಗಿಲು ತೆರೆದದ್ದು ಪೈಲ್ವಾನನ ಅಕ್ಕ. ಬಸ್ ನಿಲ್ದಾಣದಲ್ಲಿ ಟಿಕೆಟ್ಟು ಕೊಡುವವಳು. ಮನೆಯಲ್ಲೂ ಕಿಂಡಿಯ ಹಿಂದಿನಿಂದ ಮಾತಾಡುವ ಹಾಗೆ ಎರಡೇ ಮಾತು ಆಡುವಳು.

"ಏನು ಬೇಕಿತ್ತು?"

"ಅವನನ್ನ ನೋಡ್ಬೇಕು ಅಕ್ಕ."

"ಹಣ್ಣು ತಂದಿಲ್ವಲ್ಲ ಈ ಸಲ." ದಾರಿ ಬಿಟ್ಟಳು.

ಪೈಲ್ವಾನ ಕಿಟಕಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಿದ್ದ. ಪ್ಯಾಂಟಿನ ಎಡಗಾಲನ್ನು ಮಡಿಸಿ ಪಿನ್ನು ಹಾಕಿತ್ತು. ಊರುಗೋಲು ಮೂಲೆಗೆ ಒರಗಿತ್ತು, ಅದರ ಮೇಲೆ ಒಗೆದ ಬನಿಯನ್ನು ಒಣಗುತ್ತಿತ್ತು. ಅವನು ಇನ್ನೂ ತೆಳ್ಳಗಾಗಿದ್ದ. "ಏನು ಪಾದ್ರಿ, ಇವತ್ತು ಡ್ಯೂಟಿ ಇಲ್ವಾ?" ಎಂದವನ ಕಣ್ಣು ನೇರವಾಗಿ ಬರಿಗೈಯ ಮೇಲೆ ಬಿತ್ತು. ನಗಲಿಲ್ಲ.

ಅವನು ಕೂರಲಿಲ್ಲ. ನಿಂತೇ ಹೇಳಿದ, ಶಾಲೆಯಲ್ಲಿ ಪಾಠ ಒಪ್ಪಿಸುವವನ ಹಾಗೆ. "ಆವತ್ತು ನನ್ನ ಕೈ ಉಳುಕಿರಲಿಲ್ಲ. ಹೆದರಿಕೆ ಆಯ್ತು. ಅದಕ್ಕೇ ನಿನ್ನ ಕಳಿಸಿದೆ."

"ಗೊತ್ತು."

"ಏನು ಗೊತ್ತು?"

"ರಿಪೇರಿ ಸಾಮಾನಿನ ಚೀಲ ಯಾವ ಕೈಲಿ ಹೊತ್ಕೊಂಡು ಬಂದಿದ್ದೆ ಆವತ್ತು? ಹದಿನೆಂಟು ಕಿಲೋ ಚೀಲ. ಏಳು ಮಹಡಿ." ಪೈಲ್ವಾನ ತನ್ನ ಬಲಗೈ ಎತ್ತಿ ತೋರಿಸಿದ. "ಈ ಕೈಲಿ."

"ಗೊತ್ತಿದ್ದೂ ಯಾಕೆ ಹೋದೆ ಮತ್ತೆ?"

"ನೀನು ನಡುಗ್ತಿದ್ದೆ. ಹಲ್ಲು ಕಟಕಟ ಅಂತಿತ್ತು. ನಡುಗೋನನ್ನ ಯಾರಾದ್ರೂ ಲಿಫ್ಟಿನ ನೆತ್ತಿ ಮೇಲೆ ಕಳಿಸ್ತಾರಾ? ನೀನು ಕೇಳದಿದ್ರೂ ನಾನೇ ಹೋಗ್ತಿದ್ದೆ." ದನಿ ಏರಿರಲಿಲ್ಲ, ಈಗ ಏರಿತು. "ಹೆದರಿಕೆ ಅಂದಿದ್ರೆ ಏನಾಗ್ತಿತ್ತೋ ನಿನಗೆ? ಹನ್ನೊಂದು ವರ್ಷ ಒಂದೇ ಹಗ್ಗ ಹಿಡಿದಿದೀವಿ. ನನ್ನ ಹತ್ರ ಹೇಳೋಕೂ ಉಳುಕಬೇಕಾಗಿತ್ತಾ? ಅದೂ ಹೋಗ್ಲಿ. ಆಮೇಲೆ ಎರಡು ಸಲ ಬಂದೆ. ಎರಡು ಸಲಾನೂ ಕೈಗೆ ಪಟ್ಟಿ ಸುತ್ಕೊಂಡು ಬಂದೆ. ಕಾಲಿಲ್ಲದೋನ ಮುಂದೆ ಕೂತು ಕೈ ಸವರಿಕೊಂಡ್ಯಲ್ಲೋ ಪಾದ್ರಿ! ನಮ್ಮಕ್ಕ ನಿನ್ನ ಹಣ್ಣನ್ನ ಕಿಟಕಿಯಿಂದ ಬಿಸಾಕಿದ್ಲು, ಗೊತ್ತಾ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಅಲ್ಲಗಳೆಯಲಿಲ್ಲ.

 ಅವನಿಗೆ ಹೇಳುವುದು ಇನ್ನೊಂದು ಉಳಿದಿತ್ತು, ಎಲ್ಲಕ್ಕಿಂತ ತಳದಲ್ಲಿದ್ದದ್ದು. ಅದನ್ನು ಬಿಟ್ಟು ಇಷ್ಟನ್ನೇ ಹೇಳಿ ಹೋದರೆ ಇದೂ ಇನ್ನೊಂದು ಪಟ್ಟಿಯೇ. "ಇನ್ನೂ ಒಂದಿದೆ. ನೀನು ಒಳಗಿಂದ ಕೂಗಿದ್ಯಲ್ಲ, ಆಗ ನನ್ನ ಬಾಯಲ್ಲಿ ಮೊದಲು ಬಂದಿದ್ದು ನಿನ್ನ ಹೆಸರಲ್ಲ. 'ದೇವರೇ ಸ್ತೋತ್ರ' ಅಂತ ಬಂತು. ನಾನಲ್ಲವಲ್ಲ ಅಂತ. ಆಮೇಲೇ ನಾನು ಓಡಿದ್ದು."

 ಪೈಲ್ವಾನ ಬಹಳ ಹೊತ್ತು ತನ್ನ ಮಡಿಸಿದ ಪ್ಯಾಂಟಿನ ತುದಿಯನ್ನು ಬೆರಳಿನಿಂದ ನೀವಿದ. "ನನಗೇನು ಬಂತು ಗೊತ್ತಾ ಮೊದಲು?" ಎಂದ ಕೊನೆಗೆ. "ಕಾಲು ಸಿಕ್ಕಾಕೊಂಡ ತಕ್ಷಣ, ನೋವು ಬರೋಕೆ ಮುಂಚೆ. 'ಇಲ್ಲಿ ಅವನಿರಬೇಕಿತ್ತು' ಅಂತ. ನಾನೇ ಬಂದಿದ್ದು, ಗೊತ್ತಿದ್ದೇ ಬಂದಿದ್ದು. ಆದ್ರೂ ಅವನಿರಬೇಕಿತ್ತು ಅಂತ. ಈಗ್ಲೂ ದಿನಾ ಬರುತ್ತೆ ಆ ಮಾತು. ಅದಕ್ಕೇ ನಿನ್ನ ಮುಖ ನೋಡೋಕೆ ನನಗೂ ಕಷ್ಟ."

 ಇಬ್ಬರ ಒಳಗಿನದೂ ಹೊರಗೆ ಬಂದು ನೆಲದ ಮೇಲೆ ಬಿದ್ದಿತ್ತು. ನೋಡಲು ಚೆಂದವಿರಲಿಲ್ಲ, ಆದರೆ ಬೀಳುವುದು ನಿಂತಿತ್ತು.

"ಕೆಳಗೆ ಹೋಗ್ಬೇಕು ನಾನು," ಎಂದ ಪೈಲ್ವಾನ ಇದ್ದಕ್ಕಿದ್ದ ಹಾಗೆ.

"ಈಗಾ?"

"ಆಸ್ಪತ್ರೆಯಿಂದ ಬಂದ ಮೇಲೆ ಒಂದ್ಸಲ ಊರುಗೋಲಲ್ಲಿ ಇಳಿಯೋಕೆ ಹೋಗಿ ಆರು ಮೆಟ್ಟಿಲು ಉರುಳಿದೆ. ಅವತ್ತಿಂದ ಆ ಬಾಗಿಲು ದಾಟಿಲ್ಲ. ಮೆಟ್ಟಿಲು ಕಂಡ್ರೆ ನನಗೆ..." ಮಾತು ನುಂಗಿಕೊಂಡ. "ಹೊತ್ಕೊಂಡು ಹೋಗ್ತೀಯಾ?"

"ಬೇಡ," ಎಂದಳು ಅಕ್ಕ ಬಾಗಿಲಿಂದ. "ಇವನ ಮೇಲೆ ಮಾತ್ರ ಬೇಡ."

"ಇವನೇ ಆಗ್ಬೇಕಕ್ಕ."

ಅವನು ಕುರ್ಚಿಯ ಮುಂದೆ ಬೆನ್ನು ಕೊಟ್ಟು ಕುಕ್ಕರಿಸಿದ. ಎರಡು ತೆಳ್ಳನೆಯ ತೋಳು ಕುತ್ತಿಗೆ ಬಳಸಿದವು. ಎದ್ದಾಗ, ಕಡ್ಡಿಯೆಂದುಕೊಂಡವನು ಇಷ್ಟು ಭಾರವೇ ಎನಿಸಿತು. ಬಲತೊಡೆಯನ್ನು ಬಲಗೈಯಲ್ಲಿ ಹಿಡಿದ. ಎಡಗಡೆ ಹಿಡಿಯಲು ಹೋದ ಕೈಗೆ ಅರ್ಧದಲ್ಲೇ ಮುಗಿದುಹೋದ ಕಾಲು ಸಿಕ್ಕಿತು. ಮೂರು ತಿಂಗಳಲ್ಲಿ ಅವನು ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಈಗ ಅದು ಬೆಚ್ಚಗೆ ಅಂಗೈಯೊಳಗಿತ್ತು. ಹೊಸ್ತಿಲು ದಾಟಿ ಕೆಳಗೆ ನೋಡಿದ. ಮೆಟ್ಟಿಲ ನಡುವಿನ ಸಂದಿಯಲ್ಲಿ ನಾಲ್ಕು ಮಹಡಿಯ ಕತ್ತಲು ನೆಟ್ಟಗೆ ಇಳಿದಿತ್ತು. ಬಾಯಿ ಒಣಗಿತು.

ಮೊದಲ ಸುತ್ತು ಹೇಗೋ ಇಳಿದ. ಎರಡನೆಯದೂ. ಎರಡನೆಯ ಮಹಡಿಯ ತಿರುವಿನಲ್ಲಿ ಮುಂದಿನ ಹೆಜ್ಜೆ ಇಡಲಾಗಲಿಲ್ಲ. ನಿಂತ. ಕಂಬಿಗೆ ಭುಜ ಒತ್ತಿ ಹಿಡಿದ. ಹಿಂದೆ ಊರುಗೋಲೂ ಕುರ್ಚಿಯೂ ಹೊತ್ತು ಬರುತ್ತಿದ್ದ ಅಕ್ಕನೂ ನಿಂತಳು. ಪ್ರಾರ್ಥನೆ ಮಾಡಲು ನೋಡಿದ. ಅವನಿಗೆ ಗೊತ್ತಿದ್ದದ್ದೆಲ್ಲ ನನ್ನನ್ನು ಕಾಪಾಡು ಎಂಬ ಪ್ರಾರ್ಥನೆ. ಕುತ್ತಿಗೆಯ ಮೇಲೆ ಇನ್ನೊಬ್ಬನ ಉಸಿರು ಬೀಳುತ್ತಿರುವಾಗ ಅದು ಬಾಯಿಗೆ ಬರಲಿಲ್ಲ. ಸಾವಿರ ಜನ ಬೀಳುವಾಗ ನಾನೊಬ್ಬ ನಿಂತಿರುವುದೇ ರಕ್ಷಣೆ ಎಂದುಕೊಂಡಿದ್ದೆನಲ್ಲ. ಬಿದ್ದವನನ್ನು ಬೆನ್ನಿಗೆ ಹಾಕಿಕೊಂಡವನಿಗೆ ದೇವರ ಆ ರೆಕ್ಕೆ ಎಲ್ಲಿರುತ್ತದೆ? ಬಿದ್ದವನ ಮೇಲೋ, ಹೊತ್ತವನ ಮೇಲೋ? ಕರ್ತನೇ, ಎಂದ ಮನಸ್ಸಿನಲ್ಲಿ. ಮುಂದೆ ಏನೂ ಇರಲಿಲ್ಲ. ಅಷ್ಟೇ ಸಾಕಾಯಿತು. ಕೇಳಿಸಿಕೊಳ್ಳುವವನು ಬಹಳ ಹತ್ತಿರದಲ್ಲಿರುವ ಹಾಗೆ, ತನ್ನ ಸುಳ್ಳುಗಳಿಗೆಲ್ಲ ಸುಮ್ಮನೆ ನಿಂತಿದ್ದವನು ಈಗಲೂ ಹೋಗದೆ ನಿಂತಿರುವ ಹಾಗೆ ಅನ್ನಿಸಿತು.

"ಪೈಲ್ವಾನ," ಎಂದ ಗಟ್ಟಿಯಾಗಿ. "ನನಗೆ ಹೆದರಿಕೆ ಆಗ್ತಿದೆ."

"ನನಗೂ," ಎಂದಿತು ಕಿವಿಯ ಹತ್ತಿರದ ದನಿ.

"ಮೇಲಕ್ಕೆ ಹೋಗೋಣ್ವಾ?"

"ಎರಡು ಕಡೆಗೂ ಅಷ್ಟೇ ದೂರ. ನಡಿ."

ಕೆಳಗಿನಿಂದ ಹೆಜ್ಜೆಯ ಸದ್ದು. ತಿರುವಿನಲ್ಲಿ ಹೆಂಡತಿ ಕಾಣಿಸಿದಳು, ಸಭೆಗೆ ಉಟ್ಟ ಸೀರೆಯಲ್ಲೇ, ಓಡಿಬಂದು ಏದುತ್ತ. ಕೈಯಲ್ಲಿ ಆ ಪಟ್ಟಿ, ಮುದ್ದೆಯಾಗಿ. ಅವನನ್ನೂ ಅವನ ಬೆನ್ನ ಮೇಲಿನವನನ್ನೂ ನೋಡಿ ಗೋಡೆಗೆ ಒರಗಿದಳು.  "ಮೂರು ತಿಂಗಳು," ಎಂದಳು. "ದಿನಾ ಎಣ್ಣೆ ಹಚ್ಚಿಸ್ಕೊಂಡ್ರಲ್ಲ ನನ್ನ ಕೈಲಿ."

"ಹೂಂ."

"ನನ್ನ ದೇವರ ಹೆಸರು ಹೇಳಿ."

"ಹೂಂ."

 ಅವಳು ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿ, ಸೆರಗು ಬಿಗಿದು, ಅವನ ಮುಂದೆ ಬಂದು ಹಿಂದುಹಿಂದಾಗಿ ಇಳಿಯತೊಡಗಿದಳು, ಎರಡೂ ಕೈ ಅವನ ಎದೆಯ ಮಟ್ಟಕ್ಕೆ ಚಾಚಿ, ಮುಟ್ಟದೆ. "ಅದನ್ನ ಮನೇಲಿ ಮಾತಾಡೋಣ. ಮೊದಲು ಇಳೀರಿ. ಇಲ್ಲೊಂದು ಮೆಟ್ಟಿಲು ಒಡೆದಿದೆ. ಎಡಗಡೆಗೆ ಇಡಿ ಕಾಲು."

ಬೀದಿಯ ಬಿಸಿಲಿನಲ್ಲಿ ಅಕ್ಕ ಕುರ್ಚಿ ಹಾಕಿದಳು. ಪೈಲ್ವಾನನನ್ನು ಇಳಿಸಿದಾಗ ಅವನು ಕಣ್ಣು ಕಿರಿದು ಮಾಡಿ, ಪರವೂರಿಗೆ ಬಂದಿಳಿದವನ ಹಾಗೆ, ಎರಡೂ ದಿಕ್ಕಿಗೆ ನೋಡಿದ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಯಾರೋ "ಓಹೋ ಪೈಲ್ವಾನ!" ಎಂದು ಕೈ ಬೀಸಿದರು. ಪೈಲ್ವಾನ ತಾನೂ ಬೀಸಿ, ಆ ಕೈಯನ್ನು ಸ್ವಲ್ಪ ಹೊತ್ತು ಕೆಳಗಿಳಿಸುವುದನ್ನೇ ಮರೆತ. ಹೆಂಡತಿ ಪೈಲ್ವಾನನ ಹತ್ತಿರ ಹೋಗಿ ನಿಂತಳು. "ಅಣ್ಣಾ, ಇಷ್ಟು ದಿನ ನಿಮ್ಮ ಹೆಸರು ಹಿಡಿದು ಪ್ರಾರ್ಥನೆ ಮಾಡಿದೆ. ನಿಮ್ಮ ಮನೆ ಎಲ್ಲಿದೆ ಅಂತ ಕೇಳ್ಕೊಂಡಿದ್ದು ಇವತ್ತೇ," ಎಂದಳು.  ಅಕ್ಕ ಕೆಳಗಿನ ಮನೆಯಿಂದ ಒಂದು ಲೋಟ ನೀರು ಕೇಳಿ ತಂದು ಅವಳ ಕೈಗೆ ಕೊಟ್ಟಳು.

"ಕ್ಷಮಿಸಿಬಿಟ್ಟೆ ಅಂತ ತಿಳ್ಕೋಬೇಡ ಪಾದ್ರಿ," ಎಂದ ಪೈಲ್ವಾನ ಬೀದಿ ನೋಡುತ್ತಲೇ.

"ಇಲ್ಲ."

"ಯಾವಾಗ ಅಂತ ನನಗೂ ಗೊತ್ತಿಲ್ಲ."

"ಸರಿ."

"ಮುಂದಿನ ಭಾನುವಾರ ಬಾ. ಸಭೆ ಮುಗಿಸ್ಕೊಂಡೇ ಬಾ, ನನಗೇನು ಅವಸರ ಇಲ್ಲ."

ಸಭೆ. ಅಲ್ಲಿ ಮತ್ತೆ ಎದ್ದು ನಿಂತು, ಹಾಡು ಮುಗಿಯುವವರೆಗೆ ಕಾದು, ವಾಸಿಯಾದದ್ದಲ್ಲ ಎಂದು ಬಿಡಿಸಿ ಹೇಳಬೇಕು. ಆಫೀಸಿನಲ್ಲೂ ಹೇಳಬೇಕು, ಆಮೇಲೆ ಬಾವಿ. ಅವೆಲ್ಲ ಒಂದರ ಹಿಂದೊಂದು ಎದ್ದು ನಿಂತವು. ಅವನಿಗೆ ಅವುಗಳಿಂದ ಕಣ್ಣು ತಿರುಗಿಸಬೇಕೆನ್ನಿಸಲಿಲ್ಲ.

ಗೋಡೆಯ ನೆರಳು ಕುರ್ಚಿಯ ಕಾಲಿಗೆ ಬಂತು. ಪೈಲ್ವಾನ ಕಟ್ಟಡದ ಬಾಗಿಲ ಕಡೆ ನೋಡಿ ನಿಟ್ಟುಸಿರು ಬಿಟ್ಟ. "ಇಳಿದಿದ್ದಾಯ್ತು. ಹತ್ತಬೇಕಲ್ಲ ಈಗ."

ಅವನು ಮತ್ತೆ ಬೆನ್ನು ಕೊಟ್ಟು ಕುಕ್ಕರಿಸಿದ. ತೋಳುಗಳು ಕುತ್ತಿಗೆ ಬಳಸಿದವು, ಎದೆ ಬೆನ್ನಿಗೆ ತಗಲಿತು. ಆ ಎದೆಗೆ ಎಲ್ಲವೂ ಗೊತ್ತಾಗುತ್ತಿದ್ದಿರಬೇಕು.

"ನಡುಗ್ತಿದೀಯಲ್ಲೋ," ಎಂದ ಪೈಲ್ವಾನ.

"ಹೂಂ."

ತೋಳುಗಳು ಸಡಿಲವಾಗಲಿಲ್ಲ. "ಸರಿ," ಎಂದಿತು ಕಿವಿಯ ಹತ್ತಿರದ ದನಿ, "ಹತ್ತು."